ಸುಡುವ ಊರಿನಲ್ಲಿ ಸ್ವೆಟರ್ ಹಾಕಿದವನು

"ಕೈ ಎತ್ತಿ."

ಎತ್ತಿದ.

"ಇಷ್ಟೊಂದಲ್ಲ ರೀ! ಪೊಲೀಸರಿಗೆ ಸಿಕ್ಕಿಬಿದ್ದ ಹಾಗೆ ನಿಂತಿದೀರಲ್ಲ... ಸ್ವಲ್ಪ ಇಳಿಸಿ."

ಅವಳು ಟೇಪನ್ನು ಅವನ ಎದೆಯ ಸುತ್ತ ತಂದಳು. ಟೇಪಿನ ಕೆಳಗೆ ಅವನ ಎದೆ ಹೊಡೆದುಕೊಂಡ ಸದ್ದಿಗೆ ಬೀರುವಿನ ಗಾಜು ಅದುರಿತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವಳ ಬೆರಳು ಅದುರಿದ್ದನ್ನಾದರೂ ನಂಬಿ!

"ಉಸಿರು ಬಿಡಿ," ಎಂದಳು. "ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."

"ಬಿಡೋಕೆ ಆಗ್ತಿಲ್ಲ ಮೇಡಂ..."

ಅವಳು ಉಲ್ಲನ್ ಅಂಗಡಿಯಲ್ಲಿ ಸ್ವೆಟರ್ ಹೆಣೆಯುವವಳು. ಅವನು ಫ್ರಿಜ್, ಏಸಿ ರಿಪೇರಿಯವನು. ಅಂಥ ಚಳಿಯ ಊರಿನಲ್ಲಿ ಏಸಿ ರಿಪೇರಿ ಮಾಡುವುದೆಂದರೆ ಮೀನಿಗೆ ಕೊಡೆ ಮಾರಿದ ಹಾಗೆ! ಕೆಲಸವಿಲ್ಲದವನು ತನ್ನಮ್ಮನದೇ ಆದ ಆ ಅಂಗಡಿಗೆ ದಿನಾ ಗಿರಾಕಿಯಾಗಿ ಬಂದ. ಒಂದು ದಿನ "ತೋಳು ಉದ್ದ ಆಯ್ತು" ಅಂದ. ಮರುದಿನ "ಗಿಡ್ಡ ಆಯ್ತು" ಅಂದ. ಆ ಸ್ವೆಟರ್ ಮುಗಿಯುವಷ್ಟರಲ್ಲಿ ಮದುವೆಯೇ ಆಗಿಹೋಯಿತು.

ಮಗು ಇನ್ನೂ ಹೊಟ್ಟೆಯಲ್ಲಿದ್ದಾಗ ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಅದು ಎಂಥ ಊರು ಅಂತೀರಿ? ಅಲ್ಲಿ ಕಾಗೆಯೂ ಹಾರುವುದಿಲ್ಲವಂತೆ, ಗೋಡೆಯ ನೆರಳು ಹಿಡಿದು ನಡೆದೇ ಹೋಗುತ್ತದಂತೆ!

"ನಿಮಗೆ ಸೆಖೆ ಆಗಲ್ವೇನ್ರೀ?" ಎಂದು ಅವಳು ಫೋನಿನಲ್ಲಿ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ.

"ಏಸಿ ಮೆಕ್ಯಾನಿಕ್‌ಗೆ ಸೆಖೆನಾ? ನಮ್ಮ ರೂಮು ಐಸ್ ಪೆಟ್ಟಿಗೆ ಕಣೇ!"

ಗುಂಡಮ್ಮ ಹುಟ್ಟಿದಳು. ಕೆನ್ನೆ ಎರಡೂ ಸೇರಿ ಮೂಗನ್ನು ಬಚ್ಚಿಟ್ಟುಬಿಟ್ಟಿದ್ದವು. ಅವಳ ಪಾಲಿಗೆ ಅಪ್ಪ ಎಂದರೆ ಫೋನಿನೊಳಗೆ ಕೂತಿರುವ ಅಂಗೈ ಅಗಲದ ಮನುಷ್ಯ. ಅವನು ಹಳೇ ಫ್ರಿಜ್ಜಿನ ಹಾಗೆ "ಗುರ್ರ್..." ಅಂದರೆ ಸಾಕು, ಪರದೆಯ ಮೇಲೆ ಅವನ ಮೂಗು ಒತ್ತಿ ಕೇಕೆ ಹಾಕುತ್ತಿದ್ದಳು.

ಮಗುವಿಗೆ ಎಂಟು ತಿಂಗಳಾದಾಗ ಅವನು ಹೇಳಿದ, "ಇಲ್ಲೇ ಮನೆ ಮಾಡಿದೀನಿ. ಇಬ್ಬರೂ ಬಂದ್ಬಿಡಿ."

ಟಿಕೆಟ್ ಬಂತು. ಅವಳ ನಿದ್ದೆ ಹೋಯಿತು.

'ವಿಮಾನದಲ್ಲಿ ಕಿವಿ ನೋಯುತ್ತದಂತೆ... ಅತ್ತರೆ? ಅಲ್ಲಿ ಇಳಿದ ತಕ್ಷಣ ಮೈಯೆಲ್ಲ ಬೊಬ್ಬೆ ಎದ್ದರೆ? ಚಳಿ ಬಿಟ್ಟು ಬೇರೇನೂ ಕಾಣದ ಕೂಸು!'

ಮಗುವನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದಳು.

"ವಿಮಾನ ಏರೋವಾಗ, ಇಳಿಯೋವಾಗ ಹಾಲು ಕುಡಿಸು. ಚೀಪ್ತಾ ಇದ್ರೆ ಕಿವಿಗೆ ಹಿತ," ಎಂದರು ಡಾಕ್ಟರಮ್ಮ. "ತೆಳ್ಳಗಿನ ಹತ್ತಿ ಬಟ್ಟೆ ಹಾಕು. ಬಿಸಿಲಿಗೆ ಹಿಡೀಬೇಡ. ಆಗಾಗ ಹಾಲು ಕೊಡ್ತಾ ಇರು."

"ಈಗಿಂದಲೇ ಸೆಖೆ ಅಭ್ಯಾಸ ಆಗ್ಲಿ ಅಂತ ರೂಮಲ್ಲಿ ಹೀಟರ್ ಹಾಕ್ಲಾ ಡಾಕ್ಟ್ರೇ?"

"ಮಗೂನ ಕಾಯಿಸಬೇಡಮ್ಮ ತಾಯಿ! ಅದೇನು ಹಾಲಾ, ಉಕ್ಕಿಸೋಕೆ? ಸುಮ್ನೆ ಒಂದರ ಮೇಲೊಂದು ಬಟ್ಟೆ ಸುತ್ತೋದು ನಿಲ್ಲಿಸು ಸಾಕು."

ಅಂದಿನಿಂದ ಗುಂಡಮ್ಮನ ಟೋಪಿ ಹೋಯಿತು, ಕಾಲುಚೀಲ ಹೋಯಿತು, ಉಲ್ಲನ್ ಅಂಗಿ ಹೋಯಿತು. ತೆಳ್ಳಗಿನ ಜುಬ್ಬದಲ್ಲಿ ಕಾಲು ಬಡಿಯುತ್ತ ಮಲಗಿದಳು. ಅದನ್ನು ನೋಡಿ ಅತ್ತೆ ಚಡಪಡಿಸಿದರು. ಅವರೇ ಉಲ್ಲನ್ ಅಂಗಡಿಯ ಯಜಮಾನಿ; ಬರಿಗಾಲಿನ ಮಗುವನ್ನು ಕಂಡರೆ ಅವರಿಗೆ ಬಾಗಿಲಿಲ್ಲದ ಮನೆ ಕಂಡಂತಾಗುತ್ತಿತ್ತು.

"ಒಂದೇ ಒಂದು ಸ್ವೆಟರ್ ಇಟ್ಕೊಳ್ಳೇ ಹುಡುಗಿ."

"ಅತ್ತೆ, ನಾವು ಹೋಗ್ತಿರೋದು ಒಲೆಯೊಳಕ್ಕೆ!"

"ಒಲೆಗೂ ಆರೋ ಹೊತ್ತು ಅಂತ ಇರುತ್ತಮ್ಮ."

"ಬೇಡ ಅಂದ್ರೆ ಬೇಡ ಅತ್ತೆ! ಅಲ್ಲಿ ಉಲ್ಲನ್ ನೋಡಿದ್ರೆ ಜನ ನಗ್ತಾರೆ."

ಅತ್ತೆ ಮುಖ ಊದಿಸಿಕೊಂಡು ಎದ್ದು ಹೋದರು. ಹೋಗುವಾಗ ಸೆರಗಿನಡಿ ಏನೋ ಇತ್ತು. ಸೊಸೆ ನೋಡಲಿಲ್ಲ.

ಹೊರಡಲು ಎರಡೇ ದಿನ ಉಳಿದಿದ್ದಾಗ ಅದು ಆಯಿತು.

ಸಂಜೆ ಅವನ ವಿಡಿಯೋ ಕಾಲ್ ಬಂತು. "ಗುಂಡಮ್ಮಾ... ಗುರ್ರ್..."

ಮಗು ನಕ್ಕಿತು. ಅವಳು ನಗಲಿಲ್ಲ. ಅವಳ ಕಣ್ಣು ಅವನ ಕುತ್ತಿಗೆಯ ಹತ್ತಿರ ನಿಂತುಬಿಟ್ಟಿತ್ತು.

ಸ್ವೆಟರ್!

ಕಾಗೆ ನಡೆದು ಹೋಗುವ ಊರಿನಲ್ಲಿ... ಸ್ವೆಟರ್!

ಅದೂ ಕೆಂಪು. ಎದೆಯ ಮೇಲೆ ಎರಡು ಸಾಲು ಜಡೆ ಹೆಣಿಗೆ. ಅವಳು ಹೆಣೆದು ಕೊಟ್ಟಿದ್ದು ಬೂದು ಬಣ್ಣದ್ದು. ಇದು ಅವಳ ಕೈಯದಲ್ಲ!

"ಅದೇನ್ರೀ ಹಾಕ್ಕೊಂಡಿರೋದು?"

"ಯಾವುದು? ಓ... ಇದಾ? ಸುಮ್ನೆ ಕಣೇ."

"ಸುಮ್ನೆ ಯಾರಾದ್ರೂ ಆ ಊರಲ್ಲಿ ಸ್ವೆಟರ್ ಹಾಕ್ತಾರಾ? ಯಾರ್ದು ಅದು?"

"ಅದು... ಒಬ್ಬರದು. ಬಂದ್ಮೇಲೆ ಹೇಳ್ತೀನಿ ಬಿಡು. ಸಿಗ್ನಲ್ ಸರಿ ಇಲ್ಲ..."

ಪರದೆ ಕಪ್ಪಾಯಿತು. ಸಿಗ್ನಲ್ ಅಂತೆ ಸಿಗ್ನಲ್! ಅವನ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿತ್ತು.

ಅವಳು ಗೋಡೆಗೆ ಒರಗಿ ಕೂತಳು. ಹೆಣೆಯುವವಳಿಗೆ ಇನ್ನೊಬ್ಬಳ ಹೆಣಿಗೆ ಓದಲು ಬರುತ್ತದೆ. ಆ ಜಡೆಯಲ್ಲಿ ಎಲ್ಲೂ ಒಂದು ಕುಣಿಕೆಯೂ ಸಡಿಲವಿರಲಿಲ್ಲ. ಬೇಸರದಿಂದ ಹೆಣೆದದ್ದಲ್ಲ ಅದು... ಪ್ರೀತಿಯಿಂದ ಕೂತು ಹೆಣೆದದ್ದು.

'ಯಾರವಳು?'

"ಅತ್ತೆ, ನಾನು ಹೋಗಲ್ಲ," ಎಂದಳು.

ವಿಷಯ ಕೇಳಿ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ನನ್ನ ಮಗ ಹೆಂಗಸರ ಹತ್ರ ಮಾತಾಡೋಕೆ ಉಸಿರು ಕಟ್ಟಿಕೊಂಡು ಸಾಯೋ ಪ್ರಾಣಿ. ನಿನ್ನ ಹತ್ರ ಬಾಯಿ ಬಿಡೋಕೆ ಅವನಿಗೆ ಒಂದು ಚಳಿಗಾಲ ಬೇಕಾಯ್ತು. ಇನ್ನೊಬ್ಬಳ ಹತ್ರ ಬಿಡೋಕೆ ಆ ಊರಲ್ಲಿ ಚಳಿಗಾಲವೇ ಇಲ್ಲ!"

ಅವಳಿಗೆ ಅಳುವಿನ ನಡುವೆ ನಗು ಬಂತು.

"ಹೋಗಿ ಕಣ್ಣಾರೆ ನೋಡು. ಹಾಗೇನಾದ್ರೂ ಇದ್ರೆ ಮುಂದಿನ ವಿಮಾನಕ್ಕೆ ವಾಪಸ್ ಬಾ. ನಾನು ಅವನಿಗೆ ಫೋನಿನಲ್ಲೇ ಚರ್ಮ ಸುಲೀತೀನಿ."

ಹೋದಳು. ಮಡಿಲಲ್ಲಿ ಮಗು, ಎದೆಯಲ್ಲಿ ಕೆಂಪು ಸ್ವೆಟರ್.

ವಿಮಾನ ಗುಡುಗುತ್ತ ಮೇಲೇರಿತು. ಅವಳು ಸೆರಗು ಮುಚ್ಚಿ ಹಾಲೂಡಿಸಿದಳು. ಗುಂಡಮ್ಮ ನಾಲ್ಕು ಗುಟುಕು ಚೀಪಿ, ಆ ಗುಡುಗು ಅಪ್ಪನೇ ಮಾಡಿದ ಗುರ್ರ್ ಅಂದುಕೊಂಡಳೋ ಏನೋ, ನಗುತ್ತಲೇ ನಿದ್ದೆ ಹೋದಳು. ಕಿವಿ ನೋವು ಬಂದದ್ದು ಅಮ್ಮನಿಗೆ! ದಾರಿಯುದ್ದಕ್ಕೂ ಅವಳು ಮಗುವಿನ ಹಣೆ ಮುಟ್ಟಿ ಮುಟ್ಟಿ, ಹಣೆಯೇ ಸವೆದುಹೋಗಬೇಕಿತ್ತು.

ಇಳಿದು ಹೊರಗೆ ಬಂದರೆ, ಕುದಿಯುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಮುಖಕ್ಕೆ ಬಡಿಯಿತು. ಅವಳು ತೆಳು ಬಟ್ಟೆಯನ್ನು ಮಗುವಿನ ತಲೆಯ ಮೇಲೆ ಕೊಡೆಯಂತೆ ಹಿಡಿದಳು.

ಕಂಬಿಯ ಆಚೆ ಅವನು ನಿಂತಿದ್ದ. ಕಪ್ಪಾಗಿದ್ದ. ಬಡವಾಗಿದ್ದ. ಐಸ್ ಪೆಟ್ಟಿಗೆಯಲ್ಲಿದ್ದವನ ಮುಖವೇ ಅದು?

ಹತ್ತಿರ ಬಂದು ಕೈ ಚಾಚಿದ. ಗುಂಡಮ್ಮ ಹೌಹಾರಿ ತುಟಿ ಉಬ್ಬಿಸಿದಳು. ಅಂಗೈ ಅಗಲದ ಮನುಷ್ಯ ಇಷ್ಟು ದೊಡ್ಡವನಾಗಿ ಎದುರು ನಿಂತರೆ ಯಾರಿಗೆ ಗಾಬರಿಯಾಗುವುದಿಲ್ಲ?

"ಗುರ್ರ್..." ಎಂದ ಅವನು.

ಉಬ್ಬಿದ ತುಟಿ ಅಲ್ಲೇ ನಿಂತಿತು. ಮಗು ಬೆರಳು ಚಾಚಿ ಅವನ ಮೂಗು ಒತ್ತಿತು. ಪರದೆಯಲ್ಲ... ಮೂಗು! ಬೆಚ್ಚಗಿನ ಮೂಗು!

ಅವನು ಅಲ್ಲೇ, ಅಷ್ಟು ಜನರ ನಡುವೆ ಅತ್ತುಬಿಟ್ಟ.

ಅವಳ ಕಣ್ಣೂ ತುಂಬಿತು. ಆದರೂ ಗಟ್ಟಿ ಮಾಡಿಕೊಂಡಳು. 'ಮೊದಲು ಸ್ವೆಟರ್.'

ಅವನು ಮನೆಯ ಬಾಗಿಲು ತೆರೆದ. ಒಳಗಿನ ಕೋಣೆಯಿಂದ ಬಂದ ಗಾಳಿಗೆ ಅವಳ ಹಲ್ಲು ಕಟಕಟ ಎಂದವು. ಹುಟ್ಟಿದೂರಿನ ಚಳಿಗಾಲವನ್ನು ಯಾರೋ ಮೂಟೆ ಕಟ್ಟಿ ತಂದು ಇಲ್ಲಿ ಬಿಚ್ಚಿದ್ದರು! ತೆಳು ಜುಬ್ಬದ ಗುಂಡಮ್ಮ "ಆಕ್ಷೀ!" ಎಂದಳು.

"ಏನ್ರೀ ಇದು? ಮಗೂನ ಹೆಪ್ಪು ಹಾಕ್ತೀರಾ?"

"ಅವಳಿಗೆ ಚಳಿನೇ ಅಭ್ಯಾಸ ಅಲ್ವಾ... ನಮ್ಮೂರ ಥರಾನೇ ಇರ್ಲಿ ಅಂತ..."

"ನಾನು ಅವಳಿಗೆ ನಿಮ್ಮೂರ ಅಭ್ಯಾಸ ಆಗ್ಲಿ ಅಂತ ಟೋಪಿನೂ ತೆಗೆದು ತಂದಿದೀನಲ್ರೀ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಓಡಿಹೋಗಿ ಮೆಷೀನ್ ಆರಿಸಿದ. ಅವಳು ಪೆಟ್ಟಿಗೆ ತೆರೆದು ದಪ್ಪ ಬಟ್ಟೆ ಹುಡುಕಿದಳು. ತಳದಲ್ಲಿ, ಡೈಪರ್‌ಗಳ ಕೆಳಗೆ, ಒಂದು ಪುಟ್ಟ ಹಳದಿ ಸ್ವೆಟರ್, ಅದಕ್ಕೊಪ್ಪುವ ಟೋಪಿ!

'ಅತ್ತೆ...!'

ಮಗುವನ್ನು ಬೆಚ್ಚಗೆ ಮಾಡಿ ಅವಳು ತಲೆ ಎತ್ತಿದಳು. ಆಗ ಕಂಡಿತು. ಗೋಡೆಯ ಏಸಿಯ ಬಾಯಿ ಬಿಳಿ, ಹೊಟ್ಟೆ ಹಳದಿ, ಪಕ್ಕೆ ಬೂದು. ಎಸೆದ ಮೆಷೀನ್‌ಗಳ ಚೂರು ಸೇರಿಸಿ ಕಟ್ಟಿದ್ದು. ಮೂಲೆಯ ಕುರ್ಚಿಯ ಮೇಲೆ ಆ ಕೆಂಪು ಸ್ವೆಟರ್.

"ಇದನ್ನ ಈಗ ಕಟ್ಟಿದ್ದಾ? ಹಾಗಾದ್ರೆ ಇಷ್ಟು ದಿನ ಐಸ್ ಪೆಟ್ಟಿಗೆ?"

ಅವನು ನೆಲ ನೋಡಿದ. "ತಾರಸಿ ಮೇಲಿನ ರೂಮು. ನಾಲ್ಕು ಜನ, ಒಂದು ಫ್ಯಾನು... ಹೇಳಿದ್ರೆ ನೀನು ಅಲ್ಲಿ ಊಟ ಬಿಡ್ತಿದ್ದೆ. ಈ ಮೆಷೀನಿಗೆ ಬರೋದು ಎರಡೇ. ಹೆಪ್ಪುಗಟ್ಟಿಸೋದು, ಇಲ್ಲ ಮುನಿಸ್ಕೊಂಡು ನಿಂತುಬಿಡೋದು."

"ಅತ್ತೆ ಥರಾನೇ!"

"ದಿನಾ ಕೆಲಸ ಮುಗಿಸಿ ಬಂದು ಇದರ ಮುಂದೆ ಕೂತು ಸರಿ ಮಾಡ್ತಿದ್ದೆ. ಚಳಿ ತಡೆಯೋಕಾಗ್ದೆ ಕೋಲ್ಡ್ ಸ್ಟೋರೇಜ್ ವಾಚ್‌ಮನ್ ತಾತನ ಸ್ವೆಟರ್ ಇಸ್ಕೊಂಡೆ. ಅವತ್ತು ಫೋನಲ್ಲಿ ಹೇಳಿದ್ರೆ ಈ ಮೆಷೀನಿನ ಗುಟ್ಟೂ ಹೊರಬೀಳ್ತಿತ್ತು. ಅವನ ಹೆಂಡ್ತಿ ಹೆಣೆದು ಕೊಟ್ಟಿದ್ದಂತೆ. ಕೊಡೋವಾಗ ನೂರು ಸಲ 'ಜೋಪಾನ' ಅಂದ ಮುದುಕ!"

ಅವಳ ಎದೆಯ ಗಂಟು ಒಂದೊಂದೇ ಕುಣಿಕೆಯಾಗಿ ಬಿಚ್ಚಿಕೊಂಡಿತು. ಪ್ರೀತಿಯಿಂದ ಹೆಣೆದದ್ದೇ ಹೌದು... ಆ ಅಜ್ಜಿಯ ಪ್ರೀತಿ!

"ನಾನು... ಬೇರೆ ಯಾರೋ ಅಂತ..."

"ಯಾರೋ ಅಂತ? ನನಗಾ?" ಅವನ ಬಾಯಿ ತೆರೆದೇ ಉಳಿಯಿತು. "ನಿನ್ನೊಬ್ಬಳ ಹತ್ರ ಮಾತಾಡೋಕೇ ನಾನು ಸ್ವೆಟರ್ ತೋಳು ಅಷ್ಟು ಸಲ ಬಿಚ್ಚಿಸಿದ್ದೆ ಕಣೇ!"

"ಮತ್ತೆ ನಾನು ಹೆಣೆದಿದ್ದು ಎಲ್ಲಿ? ಅದನ್ನ್ಯಾಕೆ ಹಾಕ್ಕೊಳ್ಳಲಿಲ್ಲ?"

ಅವನು ತೊಟ್ಟಿಲಿನತ್ತ ಕೈ ತೋರಿಸಿದ. ತೊಟ್ಟಿಲ ಹಾಸಿಗೆಯ ಮೇಲೆ ಬೂದು ಸ್ವೆಟರ್ ಹರಡಿತ್ತು, ತೋಳುಗಳೆರಡೂ ಮಡಿಚಿ. ಒಂದು ಕಲೆಯೂ ಇಲ್ಲ.

"ಮೆಷೀನ್ ಮುಂದೆ ಕೂತ್ರೆ ಗ್ರೀಸ್ ಹತ್ತುತ್ತೆ. ಇದು ಗುಂಡಮ್ಮನಿಗೆ ಅಂತ ಎತ್ತಿಟ್ಟಿದ್ದೆ. ಮೊದಲ ದಿನ ಅಮ್ಮ ಹೆಣೆದಿದ್ದರ ಮೇಲೇ ಮಲಗ್ಲಿ ಅಂತ."

ಗುಂಡಮ್ಮನನ್ನು ಅದರ ಮೇಲೆ ಮಲಗಿಸಿದಳು. ಕೋಣೆ ಹದವಾಗಿತ್ತು, ಅತ್ತ ಒಲೆಯೂ ಅಲ್ಲ, ಇತ್ತ ಐಸೂ ಅಲ್ಲ. ಮಗು ಸ್ವೆಟರಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿತು.

ಅವಳು ಅವನ ಕಡೆ ತಿರುಗಿದಳು. "ಕೈ ಎತ್ತಿ."

ಎತ್ತಿದ. ಅದೇ, ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ.

ಟೇಪಿರಲಿಲ್ಲ. ಅವಳು ಎರಡೂ ತೋಳುಗಳಿಂದ ಅವನ ಎದೆಯನ್ನು ಬಳಸಿದಳು. ತೋಳು ಬಳಸಿ ಇನ್ನೂ ಮಿಕ್ಕಿತು.

"ಎಷ್ಟು ಇಳಿದುಹೋಗಿದೀರ್ರೀ..." ಅವಳ ದನಿ ಒಡೆಯಿತು. "ಉಸಿರು ಬಿಡಿ. ಹಿಡ್ಕೊಂಡ್ರೆ ಅಳತೆ ತಪ್ಪುತ್ತೆ."

"ಬಿಡ್ತೀನಿ ಕಣೇ," ಎಂದ, ಅವಳ ನೆತ್ತಿಯ ಮೇಲೆ ಗದ್ದ ಊರಿ. "ಊರು ಬಿಟ್ಟ ದಿನದಿಂದ ಹಿಡ್ಕೊಂಡೇ ಇದ್ದೆ."