ಮೊದಲ ಕರೆಗೇ ಓಗೊಟ್ಟವಳು

ಭೂತಪ್ಪ ಕೊಡಚಾದ್ರಿಗೆ ಬಾಡಿಗೆ ಓಡಿಸುವ ಜೀಪಿನ ಮೇಲೆ ನಾನು ವೈರ್‌ಲೆಸ್ ಸೆಟ್ಟಿನ ಆಂಟೆನಾ ಕೂರಿಸುತ್ತಿದ್ದೆ. ನಡುಮಧ್ಯಾಹ್ನದ ಬಿಸಿಲಿನಲ್ಲೂ ಟಾಪಿನ ತಗಡು ನೀರು ತುಂಬಿದ ಮಡಕೆಯಂತೆ ತಣ್ಣಗಿತ್ತು. ಮಗಳು ಸಿಂಚನಾ ಒಳಗೆ ಸ್ಟೇರಿಂಗ್ ತಿರುಗಿಸುತ್ತಾ ಆಡುತ್ತಿದ್ದಳು.

"ಸಿಂಚೂ" ಎಂದು ಸೆಟ್ಟು ಕರೆಯಿತು. ನನ್ನದೇ ದನಿ. ನಾನು ಬಾಯಿ ತೆರೆದಿರಲಿಲ್ಲ. ಸೆಟ್ಟಿಗೆ ಬ್ಯಾಟರಿಯ ವೈರನ್ನು ಇನ್ನೂ ಕೊಟ್ಟಿರಲಿಲ್ಲ.

"ಓ" ಎಂದಳು ಮಗಳು.

ಭೂತಪ್ಪ ಬೀಡಿ ಎಸೆದು ಓಡಿಬಂದ. "ಎಂತ ಮಾಡ್ದೆ ಮಾರಾಯ್ತಿ! ಕಾಡಿನ್ ಬದಿ ಮೊದಲ್ನೇ ಕರೆಗೇ ಯಾರಾದ್ರೂ ಓ ಅಂತಾರಾ? ಮೂರು ಸಲ ಕರ್ದ್ ಮೇಲೇ ಓ ಅನ್ಬೇಕು ಅಂತ ನಿಮ್ಮಪ್ಪ ಹೇಳ್ಕೊಡ್ಲಿಲ್ವಾ?"

"ಅಪ್ಪನೇ ಕರ್ದಿದ್ದಲ್ವಾ?"

ಅವತ್ತಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದಿಲ್ಲ. ಆದರೂ ಊಟಕ್ಕೆ ನನ್ನ ಪಕ್ಕದಲ್ಲೇ ಕೂತವಳು ಒಮ್ಮೊಮ್ಮೆ ತುತ್ತು ನಿಲ್ಲಿಸಿ, ಬಾಗಿಲ ಕಡೆ ತಿರುಗಿ, "ಓ, ಬಂದೆ ಅಪ್ಪಾ" ಎನ್ನುತ್ತಾಳೆ.