ಜಗಳೂರಿಗೆ ಇಳಿದ ಹಿಮ

ಸಂಜೆ ಐದರೊಳಗೆ ಆ ಪೆಟ್ಟಿಗೆ ಸಿಗಬೇಕು. ಸಿಗದಿದ್ದರೆ ಒಳಗಿನ ಹಿಮ ಕರಗುತ್ತದೆ. ಹಿಮ ಕರಗಿದರೆ ರಮ್ಯಶ್ರೀಯ ಐದು ವರ್ಷದ ದುಡಿಮೆಯೂ ಅದರ ಜೊತೆಗೇ ನೀರಾಗಿ ಹೋಗುತ್ತದೆ. ಇಷ್ಟೇ ವಿಷಯ. ಉಳಿದದ್ದೆಲ್ಲ ಬಿಸಿಲು, ಮುಳ್ಳು, ಬಂಡೆ, ಮತ್ತೆ ಒಂದು ಕರಡಿ.

ಫೆಬ್ರವರಿಯಲ್ಲಿ ಜಗಳೂರು ಸೀಮೆಗೆ ಹಿಮ ಎಲ್ಲಿಂದ ಬಂತು ಅಂತೀರಾ? ಮೇಲಿನಿಂದ ಬಂತು. ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಹದಿನೇಳು ಕಿಲೋಮೀಟರ್ ಏರಿದರೆ, ಅಂದರೆ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವಷ್ಟು ದೂರ, ಅಲ್ಲಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿ. ಅಲ್ಲಿನ ತೆಳು ಮೋಡದಲ್ಲಿ ನೀರಿನ ಹನಿಯೇ ಇಲ್ಲ, ಎಲ್ಲ ಹಿಮದ ಹರಳು. ಮಂಗಳ ಗ್ರಹದ ಧ್ರುವಗಳ ಚಳಿ ಇದಕ್ಕೂ ಒಂದು ಕೈ ಮೇಲು. ಚಳಿಗಾಲದಲ್ಲಿ ಅಲ್ಲಿನ ಗಾಳಿಯೇ ಹೆಪ್ಪುಗಟ್ಟಿ ಮೋಡವಾಗುತ್ತದೆ, ನೆಲವೆಲ್ಲ ಬೆಳ್ಳಗಾಗುತ್ತದೆ. ಆ ಬಿಳುಪಿನಲ್ಲಿ ಮೋಡದಿಂದ ಉದುರಿದ ಹಿಮ ಎಷ್ಟು, ಇಬ್ಬನಿಯ ಹಾಗೆ ನೆಲದ ಮೇಲೇ ಕಟ್ಟಿಕೊಂಡದ್ದು ಎಷ್ಟು ಎಂಬುದು ದೂರದಿಂದ ನೋಡುವವರಿಗೆ ಸರಿಯಾಗಿ ತಿಳಿಯದು.

ಅದನ್ನು ತಿಳಿಯಲೆಂದೇ ರಮ್ಯಶ್ರೀ ಈ ಪೆಟ್ಟಿಗೆ ಕಟ್ಟಿದ್ದಳು. ಬಸವಾಪಟ್ಟಣದವಳು, ಮೂವತ್ತೊಂದರ ಸಂಶೋಧಕಿ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಪೆಟ್ಟಿಗೆಯಲ್ಲಿ ಎರಡು ಗಾಜು. ಒಂದು ಆಕಾಶಕ್ಕೆ ತೆರೆದದ್ದು, ಇನ್ನೊಂದು ಮುಚ್ಚಳದ ಅಡಿಯದು. ತೆರೆದ ಗಾಜಿಗೆ ಮಾತ್ರ ಹಿಮ ಹತ್ತಿದರೆ ಅದು ಉದುರಿದ್ದು. ಎರಡಕ್ಕೂ ಹತ್ತಿದರೆ ಅಲ್ಲೇ ಕಟ್ಟಿದ್ದು. ಇಂಥ ಪೆಟ್ಟಿಗೆ ಎಂದಾದರೂ ಮಂಗಳನಿಗೆ ಹೋಗಬೇಕೆಂದರೆ ಮೊದಲು ನಮ್ಮ ಆಕಾಶದಲ್ಲಿ ಸೈ ಅನ್ನಿಸಿಕೊಳ್ಳಬೇಕು. ಅವಳ ಸಂಸ್ಥೆ ಅದಕ್ಕಾಗಿ ಒಂದೇ ಒಂದು ಬಲೂನು ಕೊಟ್ಟಿತ್ತು.

ಅಂದು ಬೆಳಿಗ್ಗೆ ಆರೂವರೆಗೆ ಹೊನ್ನಾಳಿಯ ಹೊಳೆದಂಡೆಯ ಮರಳಿನಿಂದ ಆ ಬಲೂನು ಹಾರಿತು. ಹಾರುವ ಮೊದಲು ಒಂದು ಸಣ್ಣ ಜಗಳವೂ ಆಯಿತು. ರೇಡಿಯೊ ಕೆಲಸ ನೋಡಿಕೊಳ್ಳುವ ಸಿದ್ದಲಿಂಗೇಶ್, ಅವಳ ಕಾಲೇಜಿನ ಗೆಳೆಯ, ಸವಳಂಗದವನು. ಅವನ ತಾಯಿ ಕಲ್ಲಮ್ಮ ಬುತ್ತಿ ಕಟ್ಟಿಕೊಂಡು ಮಗನ ಜೊತೆ ಬಂದಿದ್ದರು. ಬಂದವರು ಸುಮ್ಮನಿರಬಾರದೇ? ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಮೂರು ಬೆರಳಿನ ವಿಭೂತಿ ಎಳೆದುಬಿಟ್ಟರು.

"ಅಯ್ಯೋ ಅಮ್ಮಾ! ಇದರ ಒಂದು ಕಣ ಒಳಗೆ ಹೋದ್ರೂ ಎಲ್ಲಾ ಕೆಟ್ಟೋಗ್ತೈತೆ!" ಎಂದು ರಮ್ಯಶ್ರೀ ಸ್ಪಿರಿಟ್ ಹಾಕಿ ಗಸಗಸ ಒರೆಸಿದಳು.

"ಅಷ್ಟು ಮೇಲಕ್ಕೆ ಹೋಗ್ತೈತೆ, ಒಂದೇ ಹೋಗ್ತೈತೆ ಅಂತ ಹಚ್ಚಿದೆ ಕಣವ್ವ," ಎಂದ ಕಲ್ಲಮ್ಮನ ಮುಖ ಸಣ್ಣದಾಯಿತು. ರಮ್ಯಶ್ರೀ ಅದನ್ನು ನೋಡಲಿಲ್ಲ. ಅವಳ ಕಣ್ಣೆಲ್ಲ ಗಡಿಯಾರದ ಮೇಲಿತ್ತು.

ಲೆಕ್ಕದ ಪ್ರಕಾರ ಪೆಟ್ಟಿಗೆ ಬಸವಾಪಟ್ಟಣದ ಕೊಯ್ಲಾದ ಗದ್ದೆಗಳಲ್ಲಿ ಇಳಿಯಬೇಕಿತ್ತು. ಮೇಲಿನ ಗಾಳಿ ಲೆಕ್ಕ ಕೇಳುತ್ತದೆಯೇ? ಮೂಡಣ ದಿಕ್ಕಿಗೆ ಎಳೆದುಕೊಂಡು ಹೋಯಿತು. ಎಂಟು ಗಂಟೆಗೆ ಗಾಜುಗಳ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾ ಕೈಕೊಟ್ಟಿತು. ಹತ್ತಕ್ಕೆ ಕೊನೆಯ ಸಿಗ್ನಲ್ ಬಂದದ್ದು ಜಗಳೂರಿನಾಚೆಯ ಕಾಡುಗುಡ್ಡದಿಂದ. ಚಿತ್ರವಿಲ್ಲದ ಮೇಲೆ ಆ ಎರಡು ಗಾಜುಗಳೇ ಸಾಕ್ಷಿ. ಅವನ್ನು ತಣ್ಣಗಿಟ್ಟದ್ದು ಪೆಟ್ಟಿಗೆಯೊಳಗಿನ ಒಣ ಮಂಜುಗಡ್ಡೆ, ನೀರಾಗದೆ ಹೊಗೆಯಾಗಿಯೇ ಕರಗಿಹೋಗುವ ಬಿಳಿ ಗಡ್ಡೆ. ನೆರಳಿನಲ್ಲಿದ್ದರೆ ಅದು ಸಂಜೆ ಐದರ ತನಕ ಬಾಳುತ್ತದೆ.

ಜೀಪು ದಾವಣಗೆರೆ ದಾಟಿ ಜಗಳೂರು ಮುಟ್ಟಿದಾಗ ಹನ್ನೆರಡೂವರೆ. ಅರಣ್ಯ ಕಚೇರಿಯ ಒಪ್ಪಿಗೆ ಸಿಕ್ಕಿತು, ಜೊತೆಗೆ ಕಾವಲುಗಾರ ತಿಪ್ಪೇಶಪ್ಪನೂ ಸಿಕ್ಕ. ಐವತ್ತೈದರ ಒಣಕಲು ಆಳು, ಕೈಯಲ್ಲಿ ಬಿದಿರುಕೋಲು. ಆ ಗುಡ್ಡದ ಒಂದೊಂದು ಕಲ್ಲೂ ಅವನಿಗೆ ಗೊತ್ತು.

"ಇಲ್ಲಿಂದಾಚೆ ಕಾಲೇ ಗತಿ. ಎರಡು ತಾಸಿನ ದಾರಿ," ಎಂದು ಗುಡ್ಡದ ಬುಡದಲ್ಲಿ ಜೀಪಿನಿಂದ ಇಳಿದ. "ಜೋರಾಗಿ ಮಾತಾಡ್ಕಂತ ಬರ್ರಿ. ಕರಡಿಗೆ ನಾವು ಬರೋದು ಮೊದಲೇ ಗೊತ್ತಾಗ್ಬೇಕು."

"ಕರಡೀನಾ?" ಸಿದ್ದಲಿಂಗೇಶ್ ಸುತ್ತಲಿನ ಪೊದೆಗಳನ್ನು ನೋಡಿದ.

ಜೀಪಿನಲ್ಲಿ ದೊಡ್ಡ ಡಬ್ಬದ ತುಂಬ ಹೊಸ ಒಣ ಮಂಜುಗಡ್ಡೆಯಿತ್ತು. ಅದನ್ನು ಹೊರಲಾಗದು. ರಮ್ಯಶ್ರೀ ಮೂರು ಕೆಜಿಯಷ್ಟನ್ನು ಚೀಲಕ್ಕೆ ತುಂಬಿ ಬೆನ್ನಿಗೇರಿಸಿದಳು. ಪೆಟ್ಟಿಗೆ ಸಿಕ್ಕ ಕೂಡಲೇ ಇದನ್ನು ತುಂಬಿಬಿಟ್ಟರೆ ಚಿಂತೆಯಿಲ್ಲ.

ಗುಡ್ಡ ಹತ್ತುತ್ತ ಹತ್ತುತ್ತ ಸೀಮೆಯೇ ತೆರೆದುಕೊಂಡಿತು. ಕೆಳಗೆ ಕೆಂಪು ಹೊಲಗಳು, ದೂರದ ಗುಡ್ಡಗಳ ಮೇಲೆ ಸಾಲಾಗಿ ನಿಂತು ನಿಧಾನಕ್ಕೆ ತಿರುಗುವ ಗಾಳಿಯಂತ್ರಗಳು. ಕಮರದ ಮರಗಳು ಎಲೆಯುದುರಿಸಿ ನಿಂತಿದ್ದವು. ಕಾರೆಮುಳ್ಳು ಅಂಗಿ ಹಿಡಿದು ಎಳೆಯುತ್ತಿತ್ತು. ಒಂದು ತಿರುವಿನಲ್ಲಿ ನಾಲ್ಕು ಕೋಡಿನ ಕೊಂಡುಕುರಿ ಇವರನ್ನು ಒಂದು ಗಳಿಗೆ ನೋಡಿ ಟಣ್ಣನೆ ಪೊದೆಗೆ ಹಾರಿತು. ಬಂಡೆಗಳು ಕಾದು ಕೈಯಿಟ್ಟರೆ ಸುಡುವಂತಿದ್ದವು. ಹೋದ ಮಳೆಗಾಲದ ನೀರು ಮಾತ್ರ ಬಂಡೆಗುಳಿಗಳ ದೊಣೆಯಲ್ಲಿ ಹಸಿರುಗಟ್ಟಿ ಇನ್ನೂ ಉಳಿದಿತ್ತು. ಬೇರೆ ದಿನವಾಗಿದ್ದರೆ ರಮ್ಯಶ್ರೀ ನಿಂತು ನೋಡುತ್ತಿದ್ದಳು.

ಎರಡು ಬಂಡೆಗಳ ನಡುವೆ ಇಳಿಯುವಾಗ ಸಿದ್ದಲಿಂಗೇಶ್ ಜಾರಿದ.

ದಡದಡ ಉರುಳಿ ಕೆಳಗಿನ ದೊಣೆಯ ಪಕ್ಕ ಬಿದ್ದ. "ಅವ್ವಾ!" ಎಂದು ಕಾಲು ಹಿಡಿದುಕೊಂಡ.

ಎದುರಿನ ಗವಿಯಿಂದ ಕಪ್ಪಗೆ ಏನೋ ಹೊರಬಂತು.

ಕರಡಿ. ಬೆನ್ನ ಮೇಲೆ ಮರಿ ಬೇರೆ. ಮರಿಯನ್ನು ಕೊಡವಿ ಇಳಿಸಿ ಎರಡು ಕಾಲ ಮೇಲೆ ಎದ್ದು ನಿಂತಿತು. ಸಿದ್ದಲಿಂಗೇಶನಿಗೂ ಅದಕ್ಕೂ ಹತ್ತು ಮಾರು ಅಂತರ.

"ಓಡಬ್ಯಾಡ್ರಿ! ಅಲುಗಾಡಬ್ಯಾಡ್ರಿ!" ತಿಪ್ಪೇಶಪ್ಪ ಕೋಲಿನಿಂದ ಬಂಡೆ ಕುಟ್ಟಿದ. "ಹೋಗವ್ವಾ, ಹೋಗು, ನಿನ್ನ ತಂಟೆಗೆ ಬಂದಿಲ್ಲ ನಾವು!"

ಕರಡಿ ಹೋಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಿತು. ಇನ್ನೊಂದು.

ರಮ್ಯಶ್ರೀಯ ಕೈ ಬೆನ್ನಿನ ಚೀಲಕ್ಕೆ ಹೋಯಿತು. ಮೂರು ಕೆಜಿ. ಇದು ಹೋದರೆ ಪೆಟ್ಟಿಗೆ ಸಿಕ್ಕಿಯೂ ಉಪಯೋಗವಿಲ್ಲದೆ ಹೋಗಬಹುದು. ಯೋಚಿಸಿದ್ದು ಅಷ್ಟೇ. ಚೀಲದ ಬಾಯಿ ಬಿಚ್ಚಿ ಇದ್ದಬದ್ದ ಗಡ್ಡೆಯನ್ನೆಲ್ಲ ಮೇಲಿನಿಂದಲೇ ದೊಣೆಯ ನೀರಿಗೆ ಸುರಿದಳು.

ಭುಸ್ಸೆಂದಿತು ನೀರು. ಕೊತಕೊತ ಕುದಿದಂತೆ ಎದ್ದು, ಬೆಳ್ಳನೆಯ ಮೋಡವೊಂದು ದೊಣೆಯ ಅಂಚು ಮೀರಿ ಬಂಡೆಯ ಮೇಲೆ ಹರಿಯಿತು. ಸಿದ್ದಲಿಂಗೇಶ್ ಅದರಲ್ಲಿ ಮುಳುಗಿಯೇ ಹೋದ. ಕರಡಿ ಅಂಥದನ್ನು ಹುಟ್ಟಾ ಕಂಡಿರಲಿಲ್ಲ. ಗುರ್ ಎಂದು ಹಿಂದೆ ಸರಿದು, ಮರಿಯನ್ನು ಮುಂದೆ ಹಾಕಿಕೊಂಡು ಪೊದೆಯೊಳಗೆ ಮರೆಯಾಯಿತು.

"ಬದುಕಿದ್ದೀಯೇನೋ?" ರಮ್ಯಶ್ರೀ ಕೂಗಿದಳು.

ಮೋಡದೊಳಗಿಂದ ಅವನ ದನಿ ಬಂತು. "ಬದುಕೀನಿ. ಕಾಲು ಉಳುಕೈತೆ. ಮಂಜುಗಡ್ಡೆ ಎಲ್ಲಾ ಹಾಕ್ಬಿಟ್ಯಾ?"

"ಹಾಕ್ದೆ."

ಅವನು ಕಣ್ಣೊರೆಸಿಕೊಂಡು, ಕುಂಟುತ್ತ ಎದ್ದು ರೇಡಿಯೊ ನೋಡಿದ. "ಇನ್ನು ಅರ್ಧ ಕಿಲೋಮೀಟರ್. ನಡಿ."

ಸಿಗ್ನಲ್ ಬಂದ ಜಾಗದಲ್ಲಿ ಪ್ಯಾರಾಚೂಟು ಕಮರದ ಮರಕ್ಕೆ ಸಿಕ್ಕಿಕೊಂಡಿತ್ತು. ಪೆಟ್ಟಿಗೆ ಇರಲಿಲ್ಲ. ಹಗ್ಗಗಳನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು.

ರಮ್ಯಶ್ರೀ ಅಲ್ಲೇ ಕುಸಿದಳು. ಗಂಟೆ ಮೂರೂ ಮುಕ್ಕಾಲು. ತಿಪ್ಪೇಶಪ್ಪ ಮಾತ್ರ ನೆಲ ನೋಡುತ್ತಿದ್ದ.

"ಆಡಿನ ಹಿಕ್ಕೆ. ಇವತ್ತಿಂದೇ," ಎಂದು ಮೂಗು ಮುರಿದ. "ಇದು ಮೂಕಮ್ಮನ ಕೆಲಸ. ಕಾಡಂಚಿಗೆ ಬರಬ್ಯಾಡ ಅಂತ ದಿನಾ ಓಡಿಸ್ತೀನಿ, ದಿನಾ ಬರ್ತಾಳೆ."

ಆಡುಗಳ ಕೊರಳಗಂಟೆಯ ಸದ್ದು ಹಿಡಿದು ಹೋದರೆ, ಬಂಡೆಯ ನೆರಳಲ್ಲಿ ಅರವತ್ತರ ಹೆಂಗಸೊಬ್ಬಳು ಕುಡುಗೋಲು ಹಿಡಿದು ಕೂತಿದ್ದಳು. ಸುತ್ತ ಇಪ್ಪತ್ತು ಆಡು. ತಿಪ್ಪೇಶಪ್ಪನನ್ನು ಕಂಡವಳೇ ಎದ್ದು ನಿಂತಳು.

"ಅವ್ವಾ, ಪೆಟ್ಟಿಗೆ ಸಿಕ್ತೇನ್ರಿ? ಅದು ನನ್ದು!" ರಮ್ಯಶ್ರೀ ಓಡಿಬಂದಳು.

"ನಿನ್ದೇ ಅಂತ ಹೆಂಗೆ ನಂಬ್ಲಿ? ಅದರ ಮೈಮೇಲೆ ಏನೈತೆ ಹೇಳು."

"ಫೋನ್ ನಂಬರ್ ಬರೆದೀನಿ, ಸಂಸ್ಥೆ ಹೆಸರು..."

"ಓದಾಕೆ ಬರಲ್ಲ ನಂಗೆ. ಇನ್ನೇನೈತೆ?"

ರಮ್ಯಶ್ರೀ ತಡಬಡಿಸಿದಳು. ಹಿಂದಿನಿಂದ ಸಿದ್ದಲಿಂಗೇಶ್ ಮೆಲ್ಲಗೆ ಕೆಮ್ಮಿದ. "ವಿಭೂತಿ ಐತೆ. ತಳದಾಗೆ."

"ಒರೆಸಿದ್ನಲ್ಲೋ!"

"ನೀನು ಆ ಕಡೆ ತಿರುಗಿದಾಗ ನಮ್ಮವ್ವ ತಳಕ್ಕೊಂದು ಹಚ್ಚಿದ್ಲು. ಬಯ್ತೀಯ ಅಂತ ಹೇಳ್ಲಿಲ್ಲ."

ಮೂಕಮ್ಮನ ಮುಖ ಸಡಿಲವಾಯಿತು. "ಹಂಗಾದ್ರೆ ನಿಮ್ದೇ. ಮೇಲಿಂದ ಬಂದಾಗ ಎದೆ ಧಸಕ್ ಅಂತ್ರೀ. ಬಾಂಬೋ ಏನೋ, ಕಲ್ಲು ಹೊಡೆದು ಓಡೋಣ ಅಂತ ಕಲ್ಲೂ ಎತ್ತಿದ್ದೆ. ಅಷ್ಟರಾಗೆ ತಳದಾಗೆ ವಿಭೂತಿ ಕಾಣ್ತು. ಯಾರೋ ಹೆತ್ತವ್ವ ಹಚ್ಚಿ ಕಳಿಸಿದ್ದು, ಇದು ಕೆಟ್ಟದ್ದಲ್ಲ ಅನ್ಕಂಡೆ. ಮುಟ್ಟಿದ್ರೆ ಹೆಣದಂಗೆ ತಣ್ಣಗೆ! ಹುಟ್ಟಿದ ಮರಿ ತಣ್ಣಗಾದ್ರೆ ಬೆಚ್ಚಗೆ ಮಾಡಲ್ವಾ? ಕಂಬಳೀಲಿ ಸುತ್ತಿ ಒಳಗಿಟ್ಟೀನಿ."

"ಕಂಬಳೀನಾ!" ತಿಪ್ಪೇಶಪ್ಪ ಹಣೆ ಚಚ್ಚಿಕೊಂಡ. "ಮುಗೀತು. ಹಿಮ ಕುದ್ದು ಸಾರಾಗಿರ್ತೈತೆ."

ರಮ್ಯಶ್ರೀ ಆಗಲೇ ಬಂಡೆಯ ಸಂದಿಗೆ ನುಗ್ಗಿದ್ದಳು. ಕರಿ ಕಂಬಳಿ ನಾಲ್ಕು ಮಡಿಕೆ. ಬಿಚ್ಚಿದಳು. ಒಳಮಡಿಕೆಯ ಉಣ್ಣೆಯ ಮೇಲೆ ಬೆಳ್ಳಗೆ ಉಪ್ಪು ಚೆಲ್ಲಿದಂತೆ ಹೆಪ್ಪುಗಟ್ಟಿದ ಇಬ್ಬನಿ. ಪೆಟ್ಟಿಗೆಯ ಪುಟ್ಟ ಪರದೆಯಲ್ಲಿ ಮೈನಸ್ ಐವತ್ತೆಂಟು.

ಅವಳು ನಕ್ಕಳು, ನಗುತ್ತಲೇ ಅತ್ತಳು. ಕಂಬಳಿಗೆ ಬಿಸಿಯೂ ಗೊತ್ತಿಲ್ಲ, ತಂಪೂ ಗೊತ್ತಿಲ್ಲ. ಒಳಗಿದ್ದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ, ಹೊರಗಿನ ಬಿಸಿಲನ್ನು ಹೊರಗೇ ನಿಲ್ಲಿಸುತ್ತದೆ. ಇದನ್ನು ಕಲಿತವಳು ತಾನು, ಮಾಡಿದವಳು ಮೂಕಮ್ಮ.

"ಇನ್ನೂ ಐತೆ! ಮೈನಸ್ ನಲವತ್ತಕ್ಕೆ ಏರೋದ್ರೊಳಗೆ ಜೀಪು ಮುಟ್ಟಬೇಕು. ಅದು ದಾಟಿದ್ರೆ ಹರಳಿನ ಅಂಚು ಕೆಡ್ತವೆ."

"ಬಂದ ದಾರೀಲಿ ಎರಡು ತಾಸು," ಎಂದ ತಿಪ್ಪೇಶಪ್ಪ.

"ಆಡಿನ ದಾರೀಲಿ ಮುಕ್ಕಾಲು ತಾಸು," ಎಂದಳು ಮೂಕಮ್ಮ. ಪೆಟ್ಟಿಗೆಗೆ ಮತ್ತೆ ಕಂಬಳಿ ಸುತ್ತಿ, ತಿಪ್ಪೇಶಪ್ಪನ ಕಡೆ ತಿರುಗಿದಳು. "ದಿನಾ ನನ್ನ ಆಡು ಓಡಿಸ್ತೀರಲ್ಲ, ಇವತ್ತು ಕಾಯ್ರಿ. ಆ ಕುಂಟನ್ನೂ ಕರ್ಕಂಡು ನಿಧಾನಕ್ಕೆ ಬರ್ರಿ."

ಅದೇನು ದಾರಿಯೋ! ಆಡಿಗೂ ತಲೆತಿರುಗಬೇಕು. ರಮ್ಯಶ್ರೀ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂತು ಜಾರಿದಳು, ತೆವಳಿದಳು. ಮುಂದೆ ಮೂಕಮ್ಮ ಬರಿಗಾಲಲ್ಲಿ ಇಳಿಯುತ್ತ, "ಇಲ್ಲಿ ಕಾಲಿಡು. ಅಲ್ಲಿ ಬ್ಯಾಡ. ಬೇರು ಹಿಡ್ಕ," ಎನ್ನುತ್ತಿದ್ದಳು.

ಮೈನಸ್ ಐವತ್ತೊಂದು.

ಮುಂದೆ ಬಂಡೆ ಎರಡಾಳೆತ್ತರ ನೆಟ್ಟಗೆ ಕಡಿದಂತಿತ್ತು. ಮೂಕಮ್ಮ ಸೊಂಟದಿಂದ ಹಗ್ಗದ ಸುರುಳಿ ತೆಗೆದಳು. ಪ್ಯಾರಾಚೂಟಿನ ಹಗ್ಗ! "ಗಟ್ಟಿ ಐತೆ ಅಂತ ಸುತ್ತಿಟ್ಕಂಡಿದ್ದೆ." ತಾನು ಮೊದಲು ಇಳಿದಳು. ರಮ್ಯಶ್ರೀ ಕಂಬಳಿ ಸಮೇತ ಪೆಟ್ಟಿಗೆಯನ್ನು ಹಗ್ಗಕ್ಕೆ ಕಟ್ಟಿ ಗೇಣು ಗೇಣಾಗಿ ಇಳಿಬಿಟ್ಟಳು. ಅಂಗೈ ಸುಲಿಯಿತು. ಗಾಳಿಗೆ ಪೆಟ್ಟಿಗೆ ತೂಗಾಡಿ ಬಂಡೆಗೆ ಬಡಿಯುವಷ್ಟರಲ್ಲಿ ಮೂಕಮ್ಮ ಎರಡೂ ಕೈ ಚಾಚಿ ಹಿಡಿದುಕೊಂಡಳು. ಹಗ್ಗದ ತುದಿಯನ್ನು ಬೇರಿಗೆ ಬಿಗಿದು ರಮ್ಯಶ್ರೀಯೂ ಜಾರಿ ಇಳಿದಳು.

ಮೈನಸ್ ನಲವತ್ತಾರು.

ಮುಳ್ಳು, ಹಳ್ಳ, ಕೆಮ್ಮಣ್ಣಿನ ಬಯಲು. ಕೊನೆಯ ಒಂದು ಫರ್ಲಾಂಗನ್ನು ಇಬ್ಬರೂ ಓಡಿದರು. ಜೀಪಿನ ಡಬ್ಬದ ಮುಚ್ಚಳ ತೆಗೆದು ಗಾಜುಗಳಿದ್ದ ಖಾನೆಯನ್ನು ಹೊಸ ಮಂಜುಗಡ್ಡೆಯಲ್ಲಿ ಹೂತಾಗ ಪರದೆಯಲ್ಲಿದ್ದದ್ದು ಮೈನಸ್ ನಲವತ್ತೆರಡು. ನಿಧಾನಕ್ಕೆ ಅದು ಮತ್ತೆ ಕೆಳಗಿಳಿಯತೊಡಗಿತು. ರಮ್ಯಶ್ರೀ ಜೀಪಿನ ಚಕ್ರಕ್ಕೆ ಒರಗಿ ಕೂತುಬಿಟ್ಟಳು.

ಉಸಿರು ಹತೋಟಿಗೆ ಬಂದ ಮೇಲೆ ಡಬ್ಬದ ಕಿಂಡಿಗೆ ಸೂಕ್ಷ್ಮದರ್ಶಕ ಜೋಡಿಸಿದಳು. ಕಣ್ಣಿಡಲು ಭಯ. ಮುಚ್ಚಳದಡಿಯ ಗಾಜನ್ನೇ ಮೊದಲು ನೋಡಿದಳು. ಖಾಲಿ. ಶುಭ್ರ ಖಾಲಿ. ಆಮೇಲೆ ತೆರೆದ ಗಾಜು. ಅಲ್ಲಿ ಆರು ಮೂಲೆಯ ಪುಟ್ಟ ಪುಟ್ಟ ಕಂಬಗಳು, ಒಂದರ ಪಕ್ಕ ಒಂದು, ಅಂಚು ಮುಕ್ಕಾಗದೆ ಮಲಗಿದ್ದವು.

ಉದುರಿದ ಹಿಮ.

"ಅವ್ವಾ, ಬರ್ರಿ. ನೀವು ನೋಡ್ರಿ."

ಮೂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. "ಕಲ್ಲುಸಕ್ಕರೆ ಇದ್ದಂಗೈತೆ," ಎಂದಳು. "ನಮ್ಮ ಗುಡ್ಡದ ಮೇಲೆ ಇಂಥಾದ್ದು ಯಾವಾಗ್ಲೂ ಇರ್ತೈತಾ?"

"ಮೋಡ ಇದ್ದಾಗ ಇರ್ತೈತೆ. ಕೆಳಗೆ ಬರೋದ್ರೊಳಗೆ ಆರಿ ಹೋಗ್ತೈತೆ."

"ನಿನ್ನ ಮಂಗಳದಾಗೆ?"

"ಅದು ಇನ್ನೂ ಗೊತ್ತಿಲ್ಲವ್ವ. ಅದನ್ನ ಪತ್ತೆ ಮಾಡೋ ಪೆಟ್ಟಿಗೆ ಸರಿ ಐತೆ ಅಂತ ಇವತ್ತು ಗೊತ್ತಾಯ್ತು. ಅದೂ ನಿಮ್ಮಿಂದ." ರಮ್ಯಶ್ರೀ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮೂಕಮ್ಮ ನಾಚಿ, "ಬಿಡು ಬಿಡು," ಎಂದು ಒದ್ದೆಯಾದ ಕಂಬಳಿ ಕೊಡವಿದಳು.

ಹೊತ್ತು ಮುಳುಗುವ ಹೊತ್ತಿಗೆ ತಿಪ್ಪೇಶಪ್ಪ ಬಂದ. ಒಂದು ಕೈಯಲ್ಲಿ ಸಿದ್ದಲಿಂಗೇಶ್, ಇನ್ನೊಂದು ಕಂಕುಳಲ್ಲಿ ನಡೆಯಲೊಲ್ಲದ ಒಂದು ಆಡುಮರಿ. "ಇಪ್ಪತ್ತೂ ಅದಾವೆ, ನೋಡ್ಕಳ್ಳವ್ವ," ಎಂದ. ಮೂಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ರಮ್ಯಶ್ರೀ ಸಿದ್ದಲಿಂಗೇಶನ ಫೋನ್ ಕಿತ್ತುಕೊಂಡು ಸವಳಂಗಕ್ಕೆ ಕರೆ ಮಾಡಿದಳು.

"ಅಮ್ಮಾ, ಪೆಟ್ಟಿಗೆ ತಳಕ್ಕೆ ವಿಭೂತಿ ಹಚ್ಚಿದ್ರಾ?"

ಆ ಕಡೆ ಕಲ್ಲಮ್ಮನ ದನಿ ಇಳಿಯಿತು. "ಹಚ್ಚಿದ್ದೆ ಕಣವ್ವ. ಕೆಟ್ಟೋಯ್ತಾ? ಬಯ್ಯಬ್ಯಾಡ."

"ಬಯ್ಯಾಕಲ್ಲಮ್ಮ. ಅದೊಂದು ಇರ್ಲಿಲ್ಲ ಅಂದಿದ್ರೆ ಇವತ್ತು ಪೆಟ್ಟಿಗೆ ಕಲ್ಲೇಟು ತಿಂತಿತ್ತು. ಬೆಳಿಗ್ಗೆ ಹಂಗೆ ಒರೆಸಬಾರದಿತ್ತು ನಾನು. ತಪ್ಪಾಯ್ತು. ಮುಂದಿನ ಸಲ ಗಾಜೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹಚ್ರಿ."

ಕಲ್ಲಮ್ಮನಿಗೆ ಕಲ್ಲೇಟಿನ ಕತೆ ಅರ್ಥವಾಗಲಿಲ್ಲ. "ಅದಿರ್ಲಿ, ಬುತ್ತಿ ಉಂಡ್ರಾ?" ಎಂದರು.

ಬೆಳಗಿನಿಂದ ಬುತ್ತಿಯ ನೆನಪೇ ಯಾರಿಗೂ ಆಗಿರಲಿಲ್ಲ. ಜೀಪಿನ ಸೀಟಿನಡಿಯಿಂದ ಗಂಟು ಹೊರಬಂತು. ಮೂಕಮ್ಮ ಕಂಬಳಿಯನ್ನು ಒಣಮಗ್ಗುಲು ಮೇಲೆ ಮಾಡಿ ಹಾಸಿದಳು. ನಾಲ್ವರೂ ಅದರ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಉಂಡರು.