ಬರೆದವರ ಹೆಸರು

ಫೆಬ್ರವರಿ ಏಳರ ಶನಿವಾರ ಬೆಳಗ್ಗೆ 11.40ಕ್ಕೆ ಮೂಡುಬಿದಿರೆ ಠಾಣೆಗೆ ಬಂದ ಡಾ. ಶಶಿರಾಜ್ ಕೂರಲೂ ಒಪ್ಪಲಿಲ್ಲ. ಅವರು ಊರಾಚೆಯ ಖಾಸಗಿ ವಿಶ್ವವಿದ್ಯಾಲಯವೊಂದರ ಹಸ್ತಪ್ರತಿ ವಿಭಾಗದ ಮುಖ್ಯಸ್ಥರು. ಯಾವ ಅಧ್ಯಾಪಕರು ಎಷ್ಟು ಸಂಶೋಧನೆ ಮಾಡಿದ್ದಾರೆಂದು ದಾಖಲಿಸುವ ಸಾಫ್ಟ್‌ವೇರ್ ಒಂದಿದೆ. ಅದನ್ನು ಬಳಸುವ ಇಪ್ಪತ್ತು ವಿಶ್ವವಿದ್ಯಾಲಯಗಳವರ ಸಮ್ಮೇಳನ ಗುರುವಾರದಿಂದ ಅಲ್ಲಿ ನಡೆಯುತ್ತಿತ್ತು. ಆ ಬೆಳಗ್ಗೆ ವರ್ಷದ ಉತ್ತಮ ಸಂಶೋಧಕರ ಪುಟವನ್ನು ದೊಡ್ಡ ಪರದೆಗೆ ಹಾಕಿದರು. ಶಶಿರಾಜರ ಭಾವಚಿತ್ರ ಸರಿಯಿತ್ತು, ಓಲೆಗರಿಗಳ ಬಗೆಗಿನ ಮೂವತ್ತೇಳು ಪ್ರಬಂಧಗಳೂ ಇದ್ದವು. ಹೆಸರು ಮಾತ್ರ ಪ್ರಭಾವತಿ ಎಂದಿತ್ತು. ಸಭೆ ನಕ್ಕಿತು.

ಪ್ರಭಾವತಿ ಅದೇ ವಿಭಾಗದ ಗುತ್ತಿಗೆ ಸಹಾಯಕಿ, ವಯಸ್ಸು ಐವತ್ತನಾಲ್ಕು.

ಇನ್‌ಸ್ಪೆಕ್ಟರ್ ಪದ್ಮಾಕ್ಷಿ ಐಟಿ ಕಾಯ್ದೆಯಡಿ ಎಫ್‌ಐಆರ್ ಮಾಡಿಸಿದರು. ಬರೆದದ್ದು ಹೆಡ್ ಕಾನ್‌ಸ್ಟೆಬಲ್ ವಸಂತ. ಠಾಣೆಯ ಕಾಗದವೆಲ್ಲ ಅವರದೇ ಕೈಬರಹ.

"ಅವಳೇ ಮಾಡಿದ್ದು. ಹೆಸರೇ ಉಂಟಲ್ಲ," ಎಂದರು ಶಶಿರಾಜ್.

"ಅವರನ್ನು ಸಿಕ್ಕಿಸಲಿಕ್ಕೆ ಬೇರೆಯವರೂ ಮಾಡಿರಬಹುದು ಸಾರ್. ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?" ಪದ್ಮಾಕ್ಷಿ ಕೇಳಿದರು.

"ಅವಳಿಗೆ ಕೊಟ್ಟಿದ್ದೆ. ಆಫೀಸಿನಲ್ಲಿ ಚೀಟಿಯಲ್ಲಿ ಬರೆದೂ ಅಂಟಿಸಿದ್ದೇವೆ. ಎಲ್ಲ ತುಂಬಿಸುವುದು ಅವಳೇ."

"ಎಲ್ಲ ಅಂದ್ರೆ?"

ಶಶಿರಾಜ್ ಕನ್ನಡಕ ಒರೆಸಿಕೊಂಡರು.

ಮಧ್ಯಾಹ್ನ 1.15ಕ್ಕೆ ಸ್ಥಳ ಪಂಚನಾಮೆ ಆಯಿತು. ಹೆಸರು ಬದಲಾದದ್ದು ಶುಕ್ರವಾರ ಸಂಜೆ 6.22ಕ್ಕೆ, ಸಭಾಂಗಣದ ಹೊರಗಿನ ನೋಂದಣಿ ಮೇಜಿನ ಕಂಪ್ಯೂಟರಿನಿಂದ. ಆಗ ಶಶಿರಾಜ್ ವೇದಿಕೆಯ ಮೇಲಿದ್ದರು. ಹೊರಗಿದ್ದವರು ಏಳೇ ಮಂದಿ, ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರು. ಅವರಿಗೆ ಬೇರೆ ಟೋಕನ್ ಕೊಟ್ಟು, ಐದೂಮುಕ್ಕಾಲಿಗೇ ಊಟಕ್ಕೆ ಕಳುಹಿಸಿದ್ದರು.

ಅಡುಗೆಯ ಶಂಭು ಟೋಕನ್ ಡಬ್ಬಿ ತಂದ. ಆರೇ ಇದ್ದವು.

"ಯಾರು ಬರ್ಲಿಲ್ಲ?"

"ಪ್ರಭಾವತಿಯಮ್ಮ, ಮೇಡಂ. ಉಳಿದ ಆರು ಮಂದಿ ಆರೂವರೆವರೆಗೂ ಎಲೆ ಮುಂದೆಯೇ ಇದ್ರು. ಇವರದ್ದು ತೆಗೆದಿಟ್ಟಿದ್ದೆ, ಹಾಗೇ ಉಳಿಯಿತು."

"ಆಮೇಲೆ ಉಂಡ್ರಾ?"

"ಸೂರ್ಯ ಮುಳುಗಿದ ಮೇಲೆ ನೀರೂ ಮುಟ್ಟುವವರಲ್ಲ. ಉಪವಾಸವೇ ಮಲಗಿರಬೇಕು."

ಹಸಿದು ಮಾಡಿದ ಅಪರಾಧ ಪದ್ಮಾಕ್ಷಿ ಕಂಡಿದ್ದರು. ಊಟ ಬಿಟ್ಟು ಮಾಡಿದ್ದು ಇದೇ ಮೊದಲು.

3.50ಕ್ಕೆ ಪ್ರಭಾವತಿ ತಾನಾಗಿಯೇ ನಡೆದುಕೊಂಡು ಠಾಣೆಗೆ ಬಂದಳು. ಶಶಿರಾಜರೂ ಅಲ್ಲಿದ್ದರು. ಸೀರೆಯ ಸೆರಗಿನ ಗಂಟಿನಿಂದ ಏಳನೆಯ ಟೋಕನ್ ಬಿಚ್ಚಿ ಮೇಜಿನ ಮೇಲಿಟ್ಟಳು.

"ಯಾಕೆ ಮಾಡಿದ್ರಿ?"

"ಹದಿನಾರು ವರ್ಷ ಓಲೆಗರಿ ಓದಿದ್ದು ನಾನು. ಪ್ರಬಂಧ ಬರೆದದ್ದೂ ನಾನು. ಖಾಯಂ ನೌಕರರ ನಂಬ್ರ ಇಲ್ಲದವರಿಗೆ ಆ ಸಾಫ್ಟ್‌ವೇರಿನಲ್ಲಿ ಜಾಗ ಇಲ್ಲವಂತೆ. ಬಳಸುವವರ ಕಷ್ಟ ಕೇಳುವ ಸಮ್ಮೇಳನ ಅಂದ್ರು, ಗುರುವಾರ ಚೀಟಿ ಬರೆದು ಕೊಟ್ಟೆ. ಈ ಸಾರ್ ಅದನ್ನು ಮೈಕಿನಲ್ಲಿ ಓದಿ, ನಾಳೆ ಗುಡಿಸುವವರೂ ಹೆಸರು ಕೇಳ್ತಾರೆ ಅಂತ ನಕ್ಕರು."

ಶಶಿರಾಜ್ ಪದ್ಮಾಕ್ಷಿಯತ್ತ ತಿರುಗಿದರು. "ಕ್ಷಮೆ ಬರೆದುಕೊಡಲಿ. ಕೆಲಸದಿಂದ ತೆಗೆಸುವುದಿಲ್ಲ."

"ಓಲೆಗರಿಯ ಕಡೇ ಗರಿಯಲ್ಲಿ ಪ್ರತಿ ಮಾಡಿದವನ ಹೆಸರಿರ್ತದೆ ಸಾರ್. ಐನೂರು ವರ್ಷದ ಹಿಂದೆ ಅವನಿಗೆ ಯಾರೂ ನಂಬ್ರ ಕೇಳಲಿಲ್ಲ. ನಾನು ಕ್ಷಮೆ ಬರೆಯುವುದಿಲ್ಲ."

ಇದು ನೋಟಿಸು ಕೊಟ್ಟು ಕಳುಹಿಸಬಹುದಾದ ಪ್ರಕರಣ. ಪದ್ಮಾಕ್ಷಿಗೂ ಅದೇ ಮನಸ್ಸಿತ್ತು. "ಇನ್ನು ಮುಟ್ಟುವುದಿಲ್ಲ ಅಂತ ಒಂದು ಮಾತು ಹೇಳಿ, ಮನೆಗೆ ಹೋಗಿ."

"ಹೇಳುವುದಿಲ್ಲ ಮೇಡಂ. ಬಿಟ್ರೆ ಪುನಃ ಹೆಸರು ಹಾಕ್ತೇನೆ."

ಹಾಗೆಂದ ಮೇಲೆ ಬೇರೆ ದಾರಿ ಉಳಿಯಲಿಲ್ಲ. 5.10ಕ್ಕೆ ದಸ್ತಗಿರಿ ಎಂದು ದಾಖಲಾಯಿತು. ಪದ್ಮಾಕ್ಷಿ ಹೋಟೆಲಿನಿಂದ ಈರುಳ್ಳಿ ಹಾಕದ ಊಟ ತರಿಸಿ ಅವಳ ಮುಂದಿಟ್ಟರು. "ಮೊದಲು ಉಣ್ಣಿ. ಹೊತ್ತು ಮುಳುಗಲಿಕ್ಕೆ ಇನ್ನೂ ಒಂದು ಗಂಟೆ ಉಂಟು."

ಉಂಡು ಕೈತೊಳೆದ ಪ್ರಭಾವತಿ ದಸ್ತಗಿರಿ ಪತ್ರವನ್ನು ಓಲೆಗರಿ ಓದುವ ಹಾಗೆ ಬೆರಳಿಟ್ಟು ಸಾಲುಸಾಲಾಗಿ ಓದಿದಳು. ತಪ್ಪು ಮಾಡಿದವಳ ಕಾಲಂನಲ್ಲಿ ತನ್ನ ಹೆಸರು ಪೂರ್ತಿಯಾಗಿತ್ತು. ಒಂದು ಕಚೇರಿ ಕಾಗದ ಅವಳು ಮಾಡಿದ್ದನ್ನು ಅವಳೇ ಮಾಡಿದ್ದೆಂದು ಒಪ್ಪಿದ್ದು ಅದೇ ಮೊದಲು. ರುಜು ಹಾಕಲು ಪೆನ್ನು ಎತ್ತಿದವಳು ತಡೆದಳು.

"ಇದು ಯಾರ ಅಕ್ಷರ?"

"ನಂದು," ಎಂದರು ವಸಂತ.

"ನಿಮ್ಮ ಹೆಸರೆಲ್ಲಿ?"

"ನಾವು ಬರೆಯುವುದು ಮಾತ್ರ. ರುಜು ಮೇಡಂದು."

ಪ್ರಭಾವತಿ ಪೆನ್ನು ಕೆಳಗಿಟ್ಟಳು. "ಬರೆದವರ ಹೆಸರಿಲ್ಲದ ಕಾಗದಕ್ಕೆ ನಾನು ರುಜು ಹಾಕುವುದಿಲ್ಲ."

ವಸಂತ ಇನ್‌ಸ್ಪೆಕ್ಟರರ ಮುಖ ನೋಡಿದರು. ಪದ್ಮಾಕ್ಷಿ ಕಾಗದವನ್ನು ಅವರತ್ತ ಸರಿಸಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ ವಸಂತ ಕಾಗದದ ಕೊನೆಯಲ್ಲಿ ತಮ್ಮ ಹೆಸರು ಬರೆದರು. ಆಮೇಲೆ ಪ್ರಭಾವತಿ ರುಜು ಹಾಕಿದಳು.